ಭುವನಾಳ ದನಿ

ಶಿವನಿಯಿಂದ ಕಡೂರಿಗೆ ಬರುವ ಬೆಳಗಿನ ರೈಲಿನಲ್ಲಿ ಭುವನಾಗೆ ಕೂರಲು ಜಾಗ ಸಿಗುವುದು ಅಪರೂಪ. ನಿಂತೇ ಬರಬೇಕು, ಬಂದು ಸಂಜೆಯವರೆಗೆ ಫೋನಿಗೆ ಕಿವಿ ಕೊಟ್ಟು ಕೂರಬೇಕು. ಗೊಬ್ಬರದಂಗಡಿಯ ಮೇಲಿನ ಅವಳ ಆಫೀಸಿಗೆ ತಗಡಿನ ಸೂರು. ಬೇಸಿಗೆಯಲ್ಲಿ ಹೆಡ್‌ಫೋನಿನ ಕೆಳಗೆ ಕಿವಿಯ ಸುತ್ತ ಬೆವರುಗುಳ್ಳೆ ಏಳುತ್ತಿತ್ತು. ಫ್ಯಾನು ಇದ್ದದ್ದು ಒಂದು, ಅದನ್ನೂ ಕಂಪ್ಯೂಟರಿನ ಕಡೆಗೆ ತಿರುಗಿಸಿಟ್ಟಿದ್ದರು.

ಮಾಲೀಕ ಬಸವೇಶನದು ಹೋಸ್ಟಿಂಗ್ ವ್ಯಾಪಾರ. ಕಡೂರು, ತರೀಕೆರೆ, ಅಜ್ಜಂಪುರದ ಅಂಗಡಿಗಳಿಗೆ, ಶಾಲೆಗಳಿಗೆ, ಸಂಘಗಳಿಗೆ ವೆಬ್‌ಸೈಟ್ ಇಡಲು ಜಾಗ ಬಾಡಿಗೆಗೆ ಕೊಡುವುದು. ಯಾವ ಸೈಟಿನ ಹೆಸರು ಯಾವ ಕಂಪ್ಯೂಟರಿಗೆ ಹೋಗಬೇಕೆಂದು ದಾರಿ ತೋರಿಸುವ ಡಿಎನ್‌ಎಸ್, ವರ್ಷದ ಬಿಲ್ಲು, ಗಿರಾಕಿಗಳ ದೂರು, ಎಲ್ಲವನ್ನೂ ಭುವನಾ ಒಬ್ಬಳೇ ನೋಡಿಕೊಳ್ಳುತ್ತಿದ್ದಳು. ಈ ಕಡೆಯ ಜನ ಇಮೇಲ್ ಬರೆಯುವವರಲ್ಲ. ಒಂದು ಮಿಸ್ಡ್ ಕಾಲ್ ಕೊಟ್ಟು ಸುಮ್ಮನಾಗುತ್ತಾರೆ. ಏನೋ ಕೆಟ್ಟಿದೆ, ನೀನೇ ಫೋನು ಮಾಡಿ ಕೇಳು ಎಂದು ಅದರ ಅರ್ಥ. ಅವಳು ಮಾಡುತ್ತಿದ್ದಳು. ಸೈಟಿನ ಜೊತೆಗೆ ಅವರ ಮನೆಯ ಕಷ್ಟಸುಖವನ್ನೂ ಕೇಳಿಸಿಕೊಳ್ಳುತ್ತಿದ್ದಳು.

ಆಮೇಲೆ ಬಸವೇಶನಿಗೆ ಆಟೊಮೇಷನ್ನಿನ ಹುಚ್ಚು ಹಿಡಿಯಿತು. ಬಿಲ್ಲು ತಾನಾಗಿಯೇ ಹೋಗುತ್ತದೆ, ದುಡ್ಡು ಬಾರದಿದ್ದರೆ ಡಿಎನ್‌ಎಸ್ ತಾನಾಗಿಯೇ ಬಾಕಿ ನೋಟಿಸಿನ ಕಡೆ ತಿರುಗುತ್ತದೆ, ದೂರು ಬಂದರೆ ಯಂತ್ರವೇ ಮಾತಾಡುತ್ತದೆ ಎಂದ. ಯಂತ್ರಕ್ಕೆ ಮಾತು ಬೇಕಲ್ಲ, ಅದಕ್ಕೆ ಭುವನಾ ಸಿಕ್ಕಳು. ಬೇಸಿಗೆಯುದ್ದಕ್ಕೂ ಅವಳನ್ನು ಕೂರಿಸಿ ದನಿ ತುಂಬಿಸಿಕೊಂಡ. ಸಿಟ್ಟಾದ ಗಿರಾಕಿಯನ್ನು ಅವಳು ಸಮಾಧಾನ ಮಾಡುವ ರೀತಿಯನ್ನೂ ಬಿಡಲಿಲ್ಲ. ಇದು ಮುಗಿದರೆ ನೀನೇ ಇನ್‌ಚಾರ್ಜ್ ಎಂದು ಮೂಗಿಗೆ ತುಪ್ಪ ಸವರಿದ. ಅವಳು ನಂಬಿದಳು. ನಂಬದೆ ಏನು ಮಾಡುತ್ತಾಳೆ? ತಾಯಿ ದ್ಯಾಮಮ್ಮನಿಗೆ ಮಂಡಿನೋವು, ಮನೆಯಲ್ಲಿ ದುಡಿಯುವವಳು ಇವಳೊಬ್ಬಳೇ.

ಯಂತ್ರ ಮಾತು ಕಲಿತ ವಾರವೇ ಬಸವೇಶ, ಸ್ವಲ್ಪ ದಿನ ಮನೆಯಲ್ಲಿರು, ಬೇಕಾದಾಗ ಕರೆಯುತ್ತೇನೆ ಎಂದ. ನಗುನಗುತ್ತಲೇ ಅಂದ. ಕರೆಯಲಿಲ್ಲ. ಅವಳು ಈರುಳ್ಳಿ ಮಂಡಿಯಲ್ಲಿ ಗಡ್ಡೆ ಆರಿಸುವ ಕೂಲಿಗೆ ಹೋದಳು.

ಒಂದು ದಿನ ಅಂತರಘಟ್ಟೆಯಿಂದ ಈರಕ್ಕ ಹುಡುಕಿಕೊಂಡು ಬಂದಳು. ಅಲ್ಲಿನ ಹೆಂಗಸರ ಸಂಘ ನಡೆಸುವವಳು. ಹುರಿಹಿಟ್ಟು, ಶೇಂಗಾ ಚಟ್ನಿಪುಡಿ ಮಾಡಿ ವೆಬ್‌ಸೈಟಿನಲ್ಲಿ ಮಾರುತ್ತಿದ್ದರು. ಬಂದವಳು ನೀರೂ ಮುಟ್ಟಲಿಲ್ಲ.

"ಲೇ ಭುವನಾ, ನಾವೇನ್ ಮಾಡಿದ್ವೇ ನಿಂಗೆ?"

ಸಂಘದ ಸೈಟು ತೆರೆದರೆ, ಇವರು ಬಾಕಿ ಕಟ್ಟಿಲ್ಲ ಎಂದು ಕೆಂಪಕ್ಷರ ಬರುತ್ತಿತ್ತು. ಊರೂರಿನವರು ನೋಡಿದ್ದರು. ಆರ್ಡರು ನಿಂತು ಹೋಗಿ, ಹುರಿದ ಹಿಟ್ಟು ಡಬ್ಬಿಯಲ್ಲೇ ಮುಗ್ಗುತ್ತಿತ್ತು. ಈರಕ್ಕ ಪ್ರತಿ ವರ್ಷದಂತೆ ಸಂತೆಗೆ ಹೋದಾಗ ದುಡ್ಡನ್ನು ಬಸವೇಶನ ಕೈಗೇ ಕೊಟ್ಟು ಬಂದಿದ್ದಳು. ಅವನು ಜೇಬಿಗೆ ಹಾಕಿಕೊಂಡ, ಯಂತ್ರಕ್ಕೆ ತಿಳಿಸಲಿಲ್ಲ. ಅವಳು ಮಿಸ್ಡ್ ಕಾಲ್ ಮೇಲೆ ಮಿಸ್ಡ್ ಕಾಲ್ ಕೊಟ್ಟಳು. ಯಂತ್ರದ ಲೆಕ್ಕದಲ್ಲಿ ಗಿರಾಕಿ ಬಾಯಿ ಬಿಡಲಿಲ್ಲ ಎಂದರೆ ದೂರು ಮುಗಿದಂತೆ. ಪ್ರತಿ ಸಲವೂ, ನಿಮ್ಮ ಸಮಸ್ಯೆ ಬಗೆಹರಿದಿದೆ, ಇಂತಿ ಭುವನಾ ಎಂದು ಮೆಸೇಜು ಬಂತು.

"ಕೊನೇಗ್ ಮಾತಾಡೇ ಬಿಡಾಣ ಅಂತ ಮಾಡ್ದೆ. ಎತ್ತಿದ್ದು ನೀನೇ ಕಣೇ. ಅಕ್ಕಾ ಊಟ ಆಯ್ತಾ ಅಂದೆ. ಆಮೇಲೆ ನೀವು ದುಡ್ ಕಟ್ಟಿಲ್ಲ ಅಂದೆ. ಅತ್ಕಂಡ್ ಹೇಳುದ್ರೂ ಅದೇ ಮಾತು."

ಭುವನಾ ಫೋನು ತೆಗೆದು ಆಫೀಸಿನ ನಂಬರು ಒತ್ತಿದಳು. ಸ್ಪೀಕರಿನಲ್ಲಿಟ್ಟು ಬಾಯಿ ಮುಚ್ಚಿ ಕೂತಳು. "ನಮಸ್ಕಾರ, ಭುವನಾ ಮಾತಾಡ್ತಿದ್ದೀನಿ" ಎಂದಿತು ಫೋನು. ಈರಕ್ಕ ಒಮ್ಮೆ ಫೋನು ನೋಡಿದಳು, ಒಮ್ಮೆ ಅವಳ ತುಟಿ ನೋಡಿದಳು. ತಾನು ಬಿಟ್ಟು ಬಂದ ಕುರ್ಚಿಯಲ್ಲಿ ಕೂತು ತನ್ನ ದನಿಯೇ ತನ್ನ ಜನಕ್ಕೆ ಸುಳ್ಳು ಹೇಳುತ್ತಿದೆ ಎಂದು ಭುವನಾಗೆ ಮೈಯೆಲ್ಲ ಉರಿಯಿತು.

ಮಾರನೆಯ ದಿನ ಇಬ್ಬರೂ ಕಡೂರಿಗೆ ಹೋದರು, ಸಂಘದ ಹೆಂಗಸರೂ ಜೊತೆಗೆ ಹೊರಟರು. ಬಸವೇಶ ಒಂದು ಬಟನ್ ಒತ್ತಿದ, ಸೈಟು ಸರಿಯಾಯಿತು. ಅಷ್ಟು ಸುಲಭದ ಕೆಲಸ. ಈರಕ್ಕನ ಹಾಗೆ ಸಿಕ್ಕಿಹಾಕಿಕೊಂಡ ಗಿರಾಕಿಗಳು ಇನ್ನೂ ಬಹಳ ಇದ್ದರು. ಅವನು ಭುವನಾಳನ್ನು ಒಳಗೆ ಕರೆದು, ಅವರಿಗೆಲ್ಲ ಕಳಿಸಲು, ತಪ್ಪೆಲ್ಲ ನನ್ನದೇ, ಯಂತ್ರಕ್ಕೆ ನಾನೇ ಸರಿಯಾಗಿ ಹೇಳಿಕೊಡಲಿಲ್ಲ ಎಂದು ನೀನು ಮುಖ ತೋರಿಸಿ ಒಂದು ವಿಡಿಯೊ ಮಾಡಿಕೊಡು ಎಂದ. ಮಾಡಿದರೆ ಕೆಲಸ ವಾಪಸ್ ಕೊಡುತ್ತಾನಂತೆ.

ಅವಳಿಗೆ ಆಸೆಯಾಗಲಿಲ್ಲ ಎಂದರೆ ಸುಳ್ಳು. ಈರುಳ್ಳಿ ಧೂಳಿಗೆ ರಾತ್ರಿಯೆಲ್ಲ ಕೆಮ್ಮು, ತಾಯಿಯ ಮಾತ್ರೆ ಮುಗಿದಿತ್ತು.

"ಮೊದ್ಲು ನನ್ ದನಿ ತೆಗೀರಿ ಸಾರ್."

"ಅದು ಕಂಪ್ನಿದು ಕಣಮ್ಮ. ಸಂಬ್ಳ ಕೊಟ್ಟಿರ್ಲಿಲ್ವಾ?"

"ಸಂಬ್ಳ ಕೊಟ್ಟಿದ್ದು ದುಡಿಮೆಗೆ. ಗಂಟ್ಲಿಗಲ್ಲ."

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಳು. ಹೆಂಗಸರೂ ಕೂತರು. ತನ್ನ ಫೋನಿನಲ್ಲಿದ್ದ ಗಿರಾಕಿಗಳಿಗೆ ಒಬ್ಬೊಬ್ಬರಿಗೇ ಮಾಡತೊಡಗಿದಳು. ಆಫೀಸಿನ ನಂಬರಿನಲ್ಲಿ ಮಾತಾಡುವುದು ತಾನಲ್ಲ, ಯಂತ್ರ ಎಂದಳು. ತರೀಕೆರೆಯ ಪ್ರಿಂಟಿಂಗ್ ಪ್ರೆಸ್ಸಿನ ದೇವೀರಪ್ಪ ನಂಬಲೇ ಇಲ್ಲ. "ನಿನ್ನೇನೂ ನಾನೇ ಭುವನಾ ಅಂದ್ಯಲ್ಲಮ್ಮ. ಈಗ ಮಾತಾಡ್ತಿರೋದು ಮನ್ಷರೇ ಅಂತ ಹೆಂಗ್ ನಂಬ್ಲಿ?" ಎಂದ. ಬದುಕಿರುವವಳು ತಾನು ಬದುಕಿದ್ದೇನೆ ಎಂದು ಸಾಬೀತು ಮಾಡಬೇಕಾಗಿತ್ತು. ಬಸ್ ಹತ್ತಿ ಬಂದು ಕಣ್ಣಾರೆ ನೋಡಿ ಎಂದಳು.

ಬಂದರು. ದೇವೀರಪ್ಪ ಬಂದ, ಟೆಂಟು ಬಾಡಿಗೆಯವರು, ನರ್ಸರಿಯವರು ಬಂದರು. ಮಧ್ಯಾಹ್ನದ ಹೊತ್ತಿಗೆ ಮೆಟ್ಟಿಲಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಟ್ಟಿದ ದುಡ್ಡಿಗೆ ಎಲ್ಲರೂ ಮೇಲೆ ನೋಡಿ ಲೆಕ್ಕ ಕೇಳುತ್ತಿದ್ದರು. ಬಸವೇಶ ಬಾಗಿಲಿಗೆ ಬಂದ, ಇಳಿಯಲು ದಾರಿಯಿಲ್ಲ. ಬೆವರೊರೆಸಿಕೊಂಡು ದನಿ ತಗ್ಗಿಸಿದ.

"ಭುವನಾ, ನೀನೊಂದ್ ಮಾತ್ ಹೇಳಮ್ಮ ಇವ್ರಿಗೆ. ನೀನ್ ಹೇಳುದ್ರೆ ಕೇಳ್ತಾರೆ."

ಭುವನಾ ಕೂತಲ್ಲಿಂದ ಏಳಲಿಲ್ಲ.

"ನನ್ ದನಿ ನಿಮ್ ಹತ್ರಾನೇ ಐತಲ್ಲ ಸಾರ್," ಎಂದಳು. "ಅದ್ರ ಕೈಲೇ ಹೇಳ್ಸಿ."