ಯಾರಿಗೋ ಒಂದು ತೋರಣ

ನಮ್ಮ ಹೊಲಿಗೆ ಕಾರ್ಖಾನೆಯಲ್ಲಿ ಯಾರಾದರೂ ಕೆಲಸ ಬಿಟ್ಟರೆ ಬೀಳ್ಕೊಡುಗೆಗೆ ತೋರಣ ಹಾಕುವವಳು ನಾನು. ಕಾಲರಿಗೆ ಕ್ರೋಶಾ ಲೇಸು ಹಾಕುವುದು ನನ್ನ ಕೆಲಸ. ಅಲ್ಲಿ ಕ್ರೋಶಾ ಕಡ್ಡಿ ಹಿಡಿಯಲು ಬರುವುದು ನನಗೊಬ್ಬಳಿಗೇ. ಹೋಗುವವರಿಗೆ ಇಷ್ಟವಾದ ಬಣ್ಣದಲ್ಲಿ ಉದ್ದನೆಯ ಸರಪಳಿ, ಅದಕ್ಕೆ ಗೇಣಿಗೊಂದು ಹೂವು. ಕಣ್ಣು ಮುಚ್ಚಿಕೊಂಡು ಹಾಕುತ್ತೇನೆ.

ಈ ಸಲ ಸೂಪರ್‌ವೈಸರ್ ಬಂದು, "ಶುಕ್ರವಾರಕ್ಕೊಂದು ತೋರಣ ಬೇಕಮ್ಮ," ಎಂದರು.

"ಯಾರು ಸರ್ ಹೋಗ್ತಿರೋದು?"

"ಆಮೇಲೆ ಹೇಳ್ತೀನಿ."

"ಬಣ್ಣ?"

"ನಿಮಗ್ಯಾವ್ದು ಇಷ್ಟನೋ ಅದೇ ಹಾಕಿ." ಅಷ್ಟು ಹೇಳಿ ಹೋಗಿಯೇಬಿಟ್ಟರು.

ನನ್ನ ತಲೆ ಮೊಸರುಗಡಿಗೆಯಾಯಿತು. ಹೋಗುವವರು ಯಾರೋ, ಬಣ್ಣ ನನ್ನಿಷ್ಟದ್ದಂತೆ. ಸರಿ, ನೀಲಿ ದಾರ ತೆಗೆದೆ. ಕಟಿಂಗ್ ಮಾಸ್ಟರ್ ಇರಬಹುದೇ? ಆ ಮನುಷ್ಯ ಕತ್ತರಿಗೆ ಅಂಟಿಕೊಂಡೇ ಹುಟ್ಟಿದವರು, ಹೋಗುವವರಲ್ಲ. ಗುಂಡಿ ಹಚ್ಚುವವಳು ಬಂದದ್ದೇ ಮೊನ್ನೆ. ಉಳಿದವಳು ಇಸ್ತ್ರಿ ಅಕ್ಕ. ನನ್ನ ಪಕ್ಕದ ಮೇಜಿನವಳು, ನನ್ನ ಊಟದ ಡಬ್ಬಿಯಲ್ಲಿ ಅರ್ಧ ಪಾಲು ಅವಳದ್ದೇ. ಅವಳು ಹೋದರೆ ನನಗಿಲ್ಲಿ ಮಾತಾಡಲು ಗೋಡೆಯೇ ಗತಿ. ಹೀಗೆ ಯೋಚಿಸುತ್ತಾ ಕೂತರೆ ಹೂವಿಗೆ ಐದರ ಬದಲು ಆರು ಎಸಳು ಬಂದವು. ಬಿಚ್ಚಿ ಮತ್ತೆ ಹಾಕಿದರೆ ನಾಲ್ಕಾದವು.

ಊಟದ ಹೊತ್ತಿಗೆ ಕೇಳಿಯೇಬಿಟ್ಟೆ. "ಅಕ್ಕಾ, ಬಿಟ್ಟು ಹೋಗ್ತಿದ್ದೀಯಾ?"

"ನಾನೆಲ್ಲಿಗೆ ಹೋಗ್ಲಿ? ಸುಮ್ನೆ ಊಟ ಮಾಡೇ," ಎಂದವಳ ಕಣ್ಣಲ್ಲಿ ನೀರು.

ಹೋಗದವಳು ಅಳುವುದೇಕೆ? ನನ್ನಿಂದಲೂ ಮುಚ್ಚಿಡುತ್ತಾಳಲ್ಲ ಎಂದು ಸಿಟ್ಟು ಬಂತು. ಆದರೂ ಪ್ರತಿ ಹೂವಿನ ನಡುವೆ ಹಳದಿ ಹಾಕಿದೆ. ಅವಳಿಗೆ ಹಳದಿ ಎಂದರೆ ಪ್ರಾಣ.

ಶುಕ್ರವಾರ ಕೆಲಸ ಮುಗಿದ ಮೇಲೆ ಮೇಜುಗಳನ್ನು ಸರಿಸಿ, ಕೇಕ್ ಇಟ್ಟು, ತೋರಣ ಕಟ್ಟಿದರು. ಅದರ ಕೆಳಗೊಂದು ಕುರ್ಚಿ. ಎಲ್ಲರೂ ನನ್ನ ಕಡೆಗೇ ನೋಡುತ್ತಿದ್ದರು. ಹಿಂದೆ ಯಾರೋ ಬಂದಿರಬೇಕೆಂದು ತಿರುಗಿದೆ. ಯಾರೂ ಇರಲಿಲ್ಲ.

ಸೂಪರ್‌ವೈಸರ್ ನೆಲ ನೋಡುತ್ತಾ, "ಸೋಮವಾರದಿಂದ ರೆಡಿಮೇಡ್ ಲೇಸೇ ತರಿಸ್ತಾರಂತಮ್ಮ," ಎಂದರು.

ಆಗಲೂ ನನಗೆ ತಕ್ಷಣ ಹೊಳೆಯಲಿಲ್ಲ. ಹಾಗಾದರೆ ಈ ಕುರ್ಚಿ ಯಾರಿಗೆ ಎಂದೇ ನೋಡುತ್ತಿದ್ದೆ. ಅಕ್ಕ ಬಂದು ನನ್ನ ಕೈ ಹಿಡಿದು ಅದರಲ್ಲಿ ಕೂರಿಸಿದಳು.

"ಹೇಳೋಕೆ ಬಾಯೇ ಬರ್ಲಿಲ್ಲ ಕಣೇ. ತೋರಣ ಇಲ್ದೆ ಕಳ್ಸೋಕೂ ಮನಸ್ಸು ಬರ್ಲಿಲ್ಲ. ಬೇರೆ ಯಾರಿಗೆ ಹಾಕೋಕೆ ಬರುತ್ತೆ ಹೇಳು."

ನಾನು ತೋರಣ ನೋಡಿದೆ. ಈ ಸಲದ್ದು ನಿಜಕ್ಕೂ ಚೆನ್ನಾಗಿ ಬಂದಿತ್ತು.

"ಮೊದ್ಲೇ ಹೇಳಿದ್ರೆ ಹಾಕ್ತಾನೇ ಇರ್ತಿದ್ದೆ ಅಕ್ಕಾ," ಎಂದೆ. "ಮುಗಿಸ್ತಾನೇ ಇರ್ಲಿಲ್ಲ."