ಸಿಗ್ನಲ್ಲಿನ ಬೆನ್ನು

ಅಪ್ಪ ಕುಡಿದು ಗಾಡಿ ನಡೆಸಿದ ಅಂತ ರೈಲು ಕಂಪನಿಯ ಸಾಹೇಬ ಬರೆದ. ನಮ್ಮಪ್ಪ ಮೈಲಾರಪ್ಪ ಹುಬ್ಬಳ್ಳಿಯಲ್ಲಿ ಗೂಡ್ಸ್ ಗಾಡಿಯ ಡ್ರೈವರ್. ಒಂದು ರಾತ್ರಿ ಸಿಗ್ನಲ್ ದಾಟಿ, ಮುಂದೆ ನಿಂತ ವ್ಯಾಗನ್ನಿಗೆ ಗುದ್ದಿದ್ದ.

"ಸಿಗ್ನಲ್ಲಿನ ಕೈ ಬಾಗಿತ್ರೀ ಸಾಹೇಬ್ರ," ಅಂದ ಅಪ್ಪ. "ಅಡ್ಡ ಇದ್ರ ತಡಿ, ಬಾಗಿದ್ರ ಹೋಗು. ಥಂಡಿಗೆ ಅದನ್ನ ಎಳಿಯೂ ತಂತಿ ಬಿಗದು ಅದು ಪೂರಾ ಮ್ಯಾಲೆ ಏಳೂದಿಲ್ರಿ."

ಸಾಹೇಬ ಪರೀಕ್ಷೆಗೆ ಬಂದದ್ದು ಮಟಮಟ ಮಧ್ಯಾಹ್ನ. ಬಿಸಿಲಿಗೆ ತಂತಿ ಸಡಿಲಾಗಿ ಸಿಗ್ನಲ್ಲಿನ ಕೈ ಕವಾಯತಿನ ಸಿಪಾಯಿಯ ಹಾಗೆ ಅಡ್ಡ ನಿಂತಿತ್ತು. ಸಾಹೇಬ ನಕ್ಕ. ಆ ನಗು ನನ್ನ ಹೊಟ್ಟೆಯೊಳಗೆ ಕೆಂಡವಾಗಿ ಕೂತಿತು. ಸೋಮವಾರ ಕಡೆಯ ವಿಚಾರಣೆ. ಆಮೇಲೆ ನೌಕರಿಯಿಲ್ಲ, ಕಂಪನಿ ಕೊಟ್ಟ ಮನೆಯಿಲ್ಲ. ಮರ್ಯಾದೆಯಂತೂ ಮೊದಲೇ ಹೋಗಿತ್ತು.

ನಾನು ಸಾಲಿ ಅರ್ಧಕ್ಕೇ ಬಿಟ್ಟವ. ದುರ್ಗದಬೈಲಿನ ಫೋಟೋ ಅಂಗಡಿಯಲ್ಲಿ ಲಗ್ನದ ಮಂದಿಯ ಮುಂದೆ ಬೆಳಕಿನ ಪುಡಿ ಸಿಡಿಸುವುದು ನನ್ನ ಕೆಲಸ. ಮಾಲಕರಿಗೆ ಹೇಳದೇ ಕ್ಯಾಮರಾ ಹೊತ್ತು, ಕತ್ತಲಾದ ಮೇಲೆ ಆ ಸಿಗ್ನಲ್ಲಿಗೆ ಹೋದೆ. ಕೈಯ ಮುಂಭಾಗ ಕೆಂಪು. ಚಿತ್ರ ಮೂಡುವ ನಮ್ಮ ಗಾಜಿನ ಪ್ಲೇಟಿಗೆ ಕೆಂಪು ಹತ್ತುವುದಿಲ್ಲ, ಕತ್ತಲಲ್ಲಿ ಕರಿ ಆಗಿ ಕರಗುತ್ತದೆ. ಬೆನ್ನು ಮಾತ್ರ ಬಿಳಿ. ಅದಕ್ಕೇ ಸಿಗ್ನಲ್ ದಾಟಿ, ಅದರ ಬೆನ್ನಿಗೆ ಕ್ಯಾಮರಾ ತಿರುಗಿಸಿ ಜಾಲಿಯ ಮರೆಯಲ್ಲಿ ನಿಂತೆ.

ಬರೀ ಕೈಯ ಚಿತ್ರ ತೆಗೆದರೆ, ಗಾಡಿಗೆ ದಾರಿ ಕೊಟ್ಟಾಗ ತೆಗೆದದ್ದು ಅಂದುಬಿಡುತ್ತಾರೆ. ನಿಂತ ಗಾಡಿ ಬೇಕು. ಸಿಗ್ನಲ್ ದಾಟಿ ನಿಂತ ಗಾಡಿಯ ಹಿಂದೆ, ಮತ್ತೊಂದು ಬಂದು ಗುದ್ದದಂತೆ, ಕೈ ಅಡ್ಡ ಇರಲೇಬೇಕು, ಅದಕ್ಕೆ ಸಾಹೇಬನೂ ಇಲ್ಲ ಅನ್ನಲಾರ.

ಹತ್ತಿಯ ಗೂಡ್ಸ್ ಬಂತು. ಸಿಗ್ನಲ್ ದಾಟಿ, ಯಾರ್ಡಿನೊಳಗೆ ಜಾಗ ಸಿಗದೆ ನಿಂತಿತು. ಕಡೆಯ ಡಬ್ಬಿ ನನ್ನ ಕ್ಯಾಮರಾದ ಎದುರಿಗೇ ಇತ್ತು. ಆದರೆ ಚಿತ್ರದಲ್ಲಿ ನಿಂತದ್ದು ಯಾವುದು, ಓಡುವುದು ಯಾವುದು? ಗಾರ್ಡ್ ನೆಲಕ್ಕಿಳಿಯಲಿ ಅಂತ ಕಾದೆ. ಎಂಜಿನ್ ಯಾವಾಗ ಕೂಗೀತೋ ಅಂತ ಜೀವ ಕೈಯಲ್ಲಿ ಹಿಡಿದಿದ್ದೆ.

ಗಾರ್ಡ್ ಸಿದ್ದಲಿಂಗಪ್ಪ ಇಳಿದ. ಆಚೆ ಈಚೆ ನೋಡಿ, ಧೋತರ ಎತ್ತಿ ಹಳಿಯ ಪಕ್ಕ ಕೂತ.

ಲೆನ್ಸಿನ ಮುಚ್ಚಳ ತೆಗೆದೆ, ತಗಡಿನ ಮೇಲಿನ ಪುಡಿಗೆ ಕಿಡಿ ಹಾರಿಸಿದೆ. ಧಡ್! ಆ ಒಂದು ಬೆಳಕಿನಲ್ಲಿ ಕಂಡೆ: ಬಿಳಿ ಕೈ ಅರ್ಧ ಬಾಗಿತ್ತು.

"ಅಯ್ಯಯ್ಯೋ, ಬಾಂಬು!"

ನಾನು ಪ್ಲೇಟಿನ ಪೆಟ್ಟಿಗೆ ಮುಚ್ಚಿ ಕ್ಯಾಮರಾದಿಂದ ಎಳೆದುಕೊಳ್ಳುವಷ್ಟರಲ್ಲಿ ಆತ ಧೋತರ ಹಿಡಿದುಕೊಂಡೇ ಓಡಿಬಂದು ನನ್ನ ಕುತ್ತಿಗೆಗೆ ಕೈ ಹಾಕಿದ. ದೀಪ ಮುಖಕ್ಕೆ ಹಿಡಿದ.

"ಮೈಲಾರಪ್ಪನ ಮಗ ಅಲ್ಲೇನಲೇ ನೀ? ಅಪ್ಪ ಕುಡದು ಗಾಡಿ ಹೊಡೀತಾನ, ಮಗಾ ಮಂದಿ ಕುಂತಿದ್ದರ ಫೋಟೋ ಹೊಡೀತಾನ! ಛಲೋ ಮನೆತನ!"

ಮುಷ್ಟಿ ತಾನೇ ಬಿಗಿಯಿತು. ಹೊಡೆದರೆ ಪೆಟ್ಟಿಗೆಯೊಳಗಿನ ಗಾಜು ಒಡೆದೀತು. ಹಲ್ಲು ಕಚ್ಚಿದೆ.

"ತಪ್ಪಾತ್ರಿ ಕಾಕಾ."

"ತೆರೀ ಪೆಟಗಿ! ಅದರಾಗ ನಾ ಹೆಂಗ ಬಂದೇನಿ ನೋಡೂಣು!"

ತೆಗೆದು ಇನ್ನೂ ತೊಳೆಯದ ಚಿತ್ರಕ್ಕೆ ದೀಪದ ಬೆಳಕು ತಗುಲಿದರೆ ಮುಗಿಯಿತು. ಪೆಟ್ಟಿಗೆಗೆ ಎರಡು ಮಗ್ಗಲು, ಮಗ್ಗಲಿಗೊಂದು ಗಾಜು. ಒಂದರಲ್ಲಿ ಅಪ್ಪನ ಜೀವ, ಇನ್ನೊಂದು ಖಾಲಿ. ಕತ್ತಲಲ್ಲಿ ಬೆರಳು ತಡವರಿಸಿತು. ಮುಚ್ಚಳದ ಮೇಲೆ ಗುರುತಿಗೆ ನಾನೇ ಕೆರೆದ ಗೀರು ಸಿಕ್ಕಿತು. ಇದು ಖಾಲಿಯದು. ತೆರೆದೆ.

ಆತ ದೀಪ ಹತ್ತಿರ ತಂದ. ಬೆಣ್ಣೆ ಬಣ್ಣದ ಬರಿ ಗಾಜು.

"ಎಲ್ಲಿ ನಾ?"

"ಬಂದೇ ಇಲ್ರಿ. ಪುಡಿ ಹಸಿ ಇತ್ತು ಕಾಣ್ತೈತ್ರಿ."

ಹೋ ಅಂತ ನಕ್ಕ. ಗಾಜು ಕಿತ್ತು ಹಳಿಗೆ ಬಡಿದ. "ಮುಖಾ ನೋಡು ಇವಂದು! ಇಂಥಾಂವಗ ಯಾರ ಕೊಟ್ಟಾರಪಾ ಕ್ಯಾಮರಾ?" ನಗುತ್ತಲೇ ಡಬ್ಬಿ ಹತ್ತಿದ. ನಾನೂ ಹಲ್ಲು ಕಿರಿದೆ. ಮನೆ ಮುಟ್ಟುವತನಕ ಪೆಟ್ಟಿಗೆಯನ್ನು ಎದೆಯಿಂದ ತೆಗೆಯಲಿಲ್ಲ.

ಸೋಮವಾರ ಸಾಹೇಬ ಫೋಟೋವನ್ನು ಕಿಟಕಿಗೆ ಹಿಡಿದು ನೋಡಿದ. "ಕೈ ಬಾಗೇತಿ, ಖರೆ. ಈ ಗಾಡಿ ನಿಂತಿತ್ತು ಅನ್ನೂದಕ್ಕ ಗುರುತೇನು?"

ಅಪ್ಪ ಮುಂದೆ ಹೋಗಿ, ಹಳಿಯ ಪಕ್ಕ ಕೂತ ಆಕೃತಿಯ ಮೇಲೆ ಬೆರಳಿಟ್ಟ.

"ಓಡೂ ಗಾಡಿ ಬಿಟ್ಟು ಇಳದು ಯಾರ ಹಿಂಗ ಕೂಡ್ತಾರ್ರೀ, ಸಾಹೇಬ್ರ?"

ಕಾರಕೂನರು ಬಾಯಿಗೆ ವಸ್ತ್ರ ಒತ್ತಿಕೊಂಡರು. ಸಾಹೇಬ ಈ ಸಲ ನಗಲಿಲ್ಲ. ನಾನೂ ನಗಲಿಲ್ಲ, ಅವನ ಮುಖವನ್ನೇ ನೋಡುತ್ತ ನಿಂತೆ.