ಉಗುರಿನಾಳದ ಹೆಸರು

ಆರು ವರ್ಷಕ್ಕೆ ನಾಲ್ಕು ಜನ ಫೇರೋಗಳು ಬಂದರೆ ಕಲ್ಲುಕುಟಿಗನ ರಟ್ಟೆ ಏನಾಗಬೇಕು, ನೀವೇ ಹೇಳಿ. ಹೊಸಬ ಪಟ್ಟಕ್ಕೆ ಬಂದ ಮಾರನೇ ದಿನವೇ ಗುಡಿಯ ಗೋಡೆಯಿಂದ ಹಳಬನ ಹೆಸರು ಹೋಗಬೇಕು. ಹೆಸರು ಅಳಿದವನು ಪರಲೋಕದಲ್ಲಿ ಇನ್ನೊಮ್ಮೆ ಸಾಯುತ್ತಾನೆ, ಇವರಿಗೆ ಬೇಕಾದದ್ದೂ ಅದೇ. ಬೆವರು ಸುರಿಸಿ ಉಜ್ಜುವವನು ಮಾತ್ರ ನಾನು, ನೆಬ್ರೆ.

ಹಾಗಾಗಿ ನಾಲ್ಕನೆಯವನ ಹೆಸರನ್ನು ಉಗುರಿನಷ್ಟೇ ಆಳಕ್ಕೆ ಕೆತ್ತಿ ಕೈತೊಳೆದುಕೊಂಡೆ.

"ನಿನ್ನಂಥ ಮೈಗಳ್ಳನ್ನ ನಾ ಎಲ್ಲೂ ಕಾಣೆ," ಎಂದಳು ಹೆಂಡತಿ ವೆರೆಲ್. "ಅವನೇನಾದ್ರೂ ಗಟ್ಟಿಯಾಗಿ ಕೂತುಬಿಟ್ರೆ?"

"ಎಲ್ಲಿ ಕೂರ್ತಾನೆ? ಈ ಸಲ ನದಿ ಉಕ್ಕಲಿಲ್ಲ, ಪೂಜಾರಿಗಳು ತಪ್ಪನ್ನ ಅವನ ಮೇಲೇ ಹಾಕ್ತಿದಾರೆ. ದಂಡನಾಯಕ ಆಗಲೇ ಕಿರೀಟ ಇಟ್ಕೊಂಡು ನೋಡ್ತಿದಾನಂತೆ."

ಮರುದಿನ ಬೆಳಿಗ್ಗೆ ಫೇರೋ ಹೇಳದೆ ಕೇಳದೆ ಬಂದುಬಿಟ್ಟ. ಸಣಕಲು ಹುಡುಗ. ಹಿಂದಿನವನ ಕಿರೀಟ ಅವನ ಕಿವಿಯ ಮೇಲೆ ಕೂತಿತ್ತು. ನಾನು ನೆಲಕ್ಕೆ ಮೂಗು ಹಚ್ಚಿ ಬಿದ್ದೆ. ಅವನು ಗೋಡೆಯ ಹೆಸರುಗಳಲ್ಲಿ ಬೆರಳಾಡಿಸಿದ.

"ಇದು ಯಾರದಪ್ಪಾ?"

"ನಿಮ್ಮ ಮುತ್ತಾತಂದು, ಒಡೆಯಾ. ಆಗಿನ್ನೂ ಹೆಸರು ಅಳಿಸೋ ಪದ್ಧತಿ ಇರ್ಲಿಲ್ಲ."

"ಬೆರಳೇ ಮುಳುಗ್ತು. ನನ್ನದ್ರಲ್ಲಿ ಉಗುರೂ ಮುಳುಗಲ್ವಲ್ಲ."

ಕೈ ಕಡಿಸುತ್ತಾನೆ ಎಂದುಕೊಂಡೆ.

"ಎಷ್ಟು ದಿನ ಇರ್ತೀನಿ ಅಂತ ಅಂದಾಜು ಮಾಡಿದೀಯ?"

"ಕೊಯ್ಲಿನ ತನಕ, ಒಡೆಯಾ."

ಅವನು ನಕ್ಕ. ಕಿರೀಟ ಮೂಗಿನವರೆಗೆ ಜಾರಿತು. "ನನ್ನ ಹೆಂಡತಿ ಅಷ್ಟು ದಿನಾನೂ ಕೊಟ್ಟಿಲ್ಲ ಕಣಯ್ಯ." ಆಮೇಲೆ ನನ್ನ ಪಕ್ಕದಲ್ಲೇ ದೂಳಿನಲ್ಲಿ ಕುಕ್ಕರಗಾಲಲ್ಲಿ ಕೂತ. "ಒಂದೇ ಒಂದು ಕಡೆ ಆಳವಾಗಿ ಕೆತ್ತು. ಪರಲೋಕಕ್ಕೆ ಹೋದ ಮೇಲೆ ನಾನ್ಯಾರು ಅಂತ ನನಗೇ ಗೊತ್ತಿಲ್ದೆ ಹೋಗಬಾರದು."

ನನಗೆ ನಾಚಿಕೆಯಾಯಿತು. ಮೂರು ದಿನ ಕೂತು, ಬೆರಳು ಮುಳುಗುವಷ್ಟು ಕೆತ್ತಿದೆ.

ಕೊಯ್ಲು ಮುಗಿಯುವ ಮುಂಚೆಯೇ ಅವನನ್ನು ಮುಗಿಸಿದರು. ದಂಡನಾಯಕ ಪಟ್ಟಕ್ಕೆ ಬಂದ. ಆ ಹುಡುಗನ ಹೆಸರು ಎಲ್ಲೂ ಕಾಣಕೂಡದು ಎಂದು ಅಪ್ಪಣೆಯಾಯಿತು. ಮೇಲೆ ಮೇಲೆ ಕೆತ್ತಿದ್ದನ್ನು ಉಜ್ಜಿ ಹಾಕಿದೆ. ಆಳದ್ದರ ಮುಂದೆ ಉಳಿ ಹಿಡಿದು ನಿಂತರೆ ಕೈ ಏಳಲೇ ಇಲ್ಲ. ಅದನ್ನು ಗಾರೆಯಿಂದ ತುಂಬಿ, ನುಣುಪು ಮಾಡಿ, ಆ ಗಾರೆಯ ಮೇಲೆ ದಂಡನಾಯಕನ ಹೆಸರು ಕೆತ್ತಿದೆ.

ಆತ ಬಂದು ನೋಡಿ, ಕೆಲಸ ಮೆಚ್ಚಿ, ನನಗೊಂದು ಬಾತುಕೋಳಿ ಕೊಡಿಸಿದ. ಗಾರೆ ಎಷ್ಟು ವರ್ಷ ನಿಲ್ಲುತ್ತದೆ ಎಂದು ಕೇಳಲಿಲ್ಲ. ಕೇಳದೆ ನಾನೇಕೆ ಹೇಳಲಿ?